ಓದಲಾರದ ಉಳದ ಪುಸ್ತಕದ ಹಿಂದಿನ ಕಥಿ

ನಿಮ್ಮ ಮನ್ಯಾಗ ತಂದಿಟ್ಟು ಓದಲಾರದ ಬಿಟ್ಟ ಪುಸ್ತಕ ಎಷ್ಟವ, ಒಮ್ಮೆ ಎಣಿಸಿ ನೋಡ್ರಿ. ಹೋದ ಶ್ರಾವಣದಾಗ ನಾ ಎಣಿಸಿದಾಗ ನಮ್ಮ ಮನ್ಯಾಗ 61 ಇದ್ವು. ಅದರಾಗ 18 ನಾ ತಂದದ್ದು, ಇಲ್ಲಾ ಯಾರೋ ಮುಂಜಿವಿ ಮದಿವ್ಯಾಗ ಕೈಯಾಗ ಇಟ್ಟದ್ದು. ಉಳದ 43 ನಮ್ಮ ಅತ್ತ್ಯಾರ ಕರೇ ಟ್ರಂಕಿನ್ಯಾವು. ಜಪಾನಿ ಭಾಷಾದಾಗ ಹಿಂಗ ಪುಸ್ತಕ ತಂದು ಒಟ್ಟಿ ಇಡೂದಕ್ಕ ತ್ಸುಂದೊಕು ಅಂತ ಒಂದು ಹೆಸರೇ ಅದ ಅಂತ ನನ್ನ ತಂಗಿ ಮಗಳು ಹೇಳಿದ್ಲು. ನಮ್ಮಲ್ಲೆ ಹೆಸರಿಲ್ಲ, ಬೈಗಳ ಅದ. "ರೊಕ್ಕಾ ಕೊಟ್ಟು ತಂದು ಧೂಳಿಗೆ ಹಾಕ್ಯಾಳ ನೋಡು" ಅಂತ.

ಈ ಟ್ರಂಕಿನ ಸುದ್ದಿ ಸ್ವಲ್ಪ ಹೇಳಬೇಕು. ನಮ್ಮ ಮಾವನವರು ಕನ್ನಡ ಸಾಲಿ ಮಾಸ್ತರ ಇದ್ರು. ಪಗಾರ ಕಮ್ಮಿ ಇದ್ರೂ ಗ್ರಂಥಮಾಲಾದ ಚಂದಾ ಮಾತ್ರ ತಪ್ಪಿಸತಿರಲಿಲ್ಲಂತ. ಅತ್ತ್ಯಾರು ಮುಲ್ಕಿ ಪರೀಕ್ಷಾ ಪಾಸಾದವರು, ಓದೂದು ಅಂದ್ರ ಜೀವ. ಆಗಿನ ಕೆಲವು ಪುಸ್ತಕದ ಹಾಳಿ ಅಂಚಿಗೆ ಕೂಡಿಕೊಂಡೇ ಇರತಿದ್ವು, ಓದೋರು ಚಾಕುಲೇ ಬಿಡಿಸಿಕೊಂಡು ಓದಬೇಕು. ಟ್ರಂಕಿನ್ಯಾಗ ಅಂಥಾವು ಆರು ಅವ. ಒಂದು ಪುಸ್ತಕದಾಗ 48ನೇ ಪುಟದ ತನಕ ಬಿಡಿಸ್ಯಾರ, ಮುಂದ ಇಲ್ಲ. ಇನ್ನೊಂದರಾಗ 32. ಮೂರು ಪುಸ್ತಕಕ್ಕ ಚಾಕು ಮುಟ್ಟಿಸೇ ಇಲ್ಲ. ಅಚ್ಚಿನ ಲೆಕ್ಕದಾಗ 16 ಪುಟಕ್ಕ ಒಂದು ಫಾರ್ಮು. ಅಂದ್ರ ಒಂದರಾಗ ಮೂರು ಫಾರ್ಮು, ಒಂದರಾಗ ಎರಡು ಓದಿ ನಿಂತಾರ. ಹಾಳಿ ಬಿಡಿಸಿದ್ದ ಹಳೇ ಪುಸ್ತಕದಾಗೂ ಗುರ್ತು ಅವ. ರಾವಬಹಾದ್ದೂರರ 'ಗ್ರಾಮಾಯಣ'ದಾಗ 112ನೇ ಪುಟಕ್ಕ ಕಿರಾಣಿ ಅಂಗಡಿ ಚೀಟಿ ಅದ, ತೊಗರಿಬ್ಯಾಳಿ, ಬೆಲ್ಲ, ಉದಿನಕಡ್ಡಿ.

ಓದೂದು ಅಂದ್ರ ಜೀವ ಬಿಡೋ ಹೆಣ್ಣುಮಗಳು 48ನೇ ಪುಟಕ್ಕ ಯಾಕ ನಿಂತ್ಲು? ಇದು ನನ್ನ ತಲಿಯೊಳಗ ಹೊಕ್ಕ ಮ್ಯಾಲೆ ನಾ ಒಂದಿಷ್ಟು ಹಿಂದಿಂದು ಓದಿದೆ, ಹಿರ್ಯಾರನ್ನ ಕೇಳಿದೆ. ಪುಸ್ತಕ ಮನಿಗೆ ಬರೂದು ಒಂದು ಕೆಲಸ, ಅದನ್ನ ಓದೂದು ಇನ್ನೊಂದು ಕೆಲಸ. ಮೊದಲನೇದಕ್ಕ ರೊಕ್ಕಾ ಸಾಕು. ಎರಡನೇದು ನಮ್ಮ ಸೀಮಿಯೊಳಗ ಹೆಂಗ ನಡಕೊಂಡು ಬಂತು ಅನ್ನೂದು ಬ್ಯಾರೇನ ಕಥಿ ಅದ.

ನಮ್ಮ ಗದಗ ಭಾಗದಾಗ ಪುಸ್ತಕದ ಕಥಿ ಸುರು ಆಗೂದು ಒಬ್ಬಾಕಿ ಹೆಣ್ಣುಮಗಳಿಂದ. ಲಕ್ಕುಂಡಿಗೆ ಹೋದವರೆಲ್ಲಾ ಬ್ರಹ್ಮ ಜಿನಾಲಯ ನೋಡೇ ಬಂದಿರತೀರಿ. ಅದನ್ನ ಕಟ್ಟಿಸಿದಾಕಿ ದಾನಚಿಂತಾಮಣಿ ಅತ್ತಿಮಬ್ಬೆ. ಅಲ್ಲಿಯ ಶಾಸನ 1007ನೇ ಇಸವಿದು. ಪೊನ್ನ ಕವಿ ಬರದ 'ಶಾಂತಿಪುರಾಣ'ದ 1000 ಪ್ರತಿ ಮಾಡಿಸಿ ಹಂಚಿದ್ಲು ಅಕಿ. ಅಚ್ಚಿನ ಯಂತ್ರ ಇಲ್ಲದ ಕಾಲ, ಓಲಿಗರಿ ಮ್ಯಾಲೆ ಕಂಠದಿಂದ ಒಂದೊಂದೇ ಅಕ್ಷರ ಕೊರದು ಮಸಿ ತುಂಬಬೇಕು. ಅಂಥಾ 1000! ಇದರಾಗ ನನಗ ಭಾಳ ಸೇರಿದ ಮಾತೇನಂದ್ರ, ಆ ಪುರಾಣಾನ ಪೊನ್ನನ ಕಡಿಂದ ಬರಸಿದವರು ಅತ್ತಿಮಬ್ಬೆಯ ತಂದಿ ಮಲ್ಲಪ ಮತ್ತ ಕಾಕಾ ಪುನ್ನಮಯ್ಯ. ಅಂದ್ರ ತವರಮನಿ ಪುಸ್ತಕ ಅದು. ತವರಮನಿ ಪುಸ್ತಕ ಅಳದು ಹೋಗಬಾರದು ಅಂತ ಮಗಳು ಕಾಳಜಿ ಮಾಡಿದ್ಲು. ನಾವು ತವರಿನ ಹಿತ್ತಾಳಿ ಕೊಡ ಕಾಯ್ದಂಗ.

ಆದ್ರ ಕೊಟ್ಟದ್ದೆಲ್ಲಾ ಓದಿಸಿಕೊಂಡ್ವು ಅಂತ ಹೇಳಾಕ ಬರಂಗಿಲ್ಲ. ಜೈನರಾಗ ಶಾಸ್ತ್ರದಾನ ಅಂದ್ರ ದೊಡ್ಡ ಪುಣ್ಯ. ಕೊಟ್ಟಾಕಿಗೆ ಕೊಟ್ಟ ಪುಣ್ಯ, ಇಸಗೊಂಡವರಿಗೆ ಇಟಗೊಂಡ ಪುಣ್ಯ. ಇದಕ್ಕ ಎಲ್ಲಾಕ್ಕಿಂತ ದೊಡ್ಡ ಸಾಕ್ಷಿ ಮೂಡಬಿದಿರ್ಯಾಗ ಅದ. ಅಲ್ಲಿ ಸಿದ್ಧಾಂತ ಬಸದಿಯೊಳಗ ಧವಲಾ ಅಂತ ಓಲಿಗರಿ ಗ್ರಂಥ ಇದ್ದಾವ. ದಿಗಂಬರ ಜೈನರಿಗೆ ಮೂಲಗ್ರಂಥ ಅನಿಸಿದ ಷಟ್ಖಂಡಾಗಮದ ಮ್ಯಾಲೆ ಬರದ ವ್ಯಾಖ್ಯಾನ ಅದು. ಭಾಷಾ ಪ್ರಾಕೃತ ಸಂಸ್ಕೃತ, ಆದ್ರ ಬರದದ್ದು ಹಳಗನ್ನಡ ಲಿಪಿಯೊಳಗ. ಶತಮಾನಗಟ್ಟಲೆ ಆ ಗ್ರಂಥಕ್ಕ ಪೂಜಿ ಆತು, ದೂರದಿಂದ ಬಂದ ಯಾತ್ರಿಕರು ದರ್ಶನಾ ತಗೊಂಡು ಕೈ ಮುಗದು ಹೋದ್ರು. ಬಿಚ್ಚಿ ಓದೋರು ಇಲ್ಲ. ಲಿಪಿ ಓದಾಕ ಬರೋರು ಕಮ್ಮಿ ಆದ್ರು, ಓದಬೇಕು ಅನ್ನೋರು ಅದಕ್ಕಿಂತಾ ಕಮ್ಮಿ. ನಮ್ಮ 61 ಪುಸ್ತಕ ಇದರ ಮುಂದ ಏನೂ ಅಲ್ಲ ಬಿಡ್ರಿ.

ಇದು ಹೆಂಗ ಬಿಚ್ಚಿತು ಅಂದ್ರ, 1883ರಾಗ ಮುಂಬಯಿಯ ಸೇಠ ಮಾಣಿಕಚಂದರು ಯಾತ್ರಾಕ್ಕ ಬಂದು ದರ್ಶನಾ ತಗೊಂಡ್ರು. ದರ್ಶನಾ ಆತು, ಆದ್ರ ಒಳಗ ಏನ ಬರದಾರ? ಆ ಪ್ರಶ್ನಿ ಅವರನ್ನ ಬಿಡಲಿಲ್ಲ. ಸೊಲ್ಲಾಪುರದ ಹಿರಾಚಂದ ನೇಮಚಂದರಿಗೂ ಅದನ್ನ ಹಚ್ಚಿದ್ರು. ಹಳೇ ಲಿಪಿ ಓದಾಕ ಬರತಿದ್ದ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಕಡಿಂದ ಓದಿಸಿ ಕೇಳಿದ್ರು. ಮುಂದ ಹತ್ತಾರು ವರ್ಷ ಬೆನ್ನು ಹತ್ತಿ ಪ್ರತಿ ಮಾಡಿಸೋ ಕೆಲಸ ಸುರು ಮಾಡಿಸಿದ್ರು. ಈ ಕೆಲಸದಾಗ ಇದ್ದ ಗಜಪತಿ ಉಪಾಧ್ಯಾಯರು ಮನ್ಯಾಗ ಗುಪ್ತಾಗಿ ಇನ್ನೊಂದು ಕನ್ನಡ ಪ್ರತೀನೂ ಮಾಡಿದ್ರು. ಅದರಾಗ ಕೈಗೂಡಿಸಿದಾಕಿ ಅವರ ಹೆಂಡತಿ ಲಕ್ಷ್ಮೀಬಾಯಿ. ಗ್ರಂಥ ಹೊರಗ ಬಂದದ್ದು ಆ ಗುಪ್ತ ಪ್ರತಿಯಿಂದ. ಅಡಗಿ, ಬಾಂಡೆ, ಮಕ್ಕಳು, ಅದರ ನಡುವ ಯಾರಿಗೂ ಗೊತ್ತಾಗಲಾರದಂಗ ಅಷ್ಟು ದೊಡ್ಡ ಶಾಸ್ತ್ರಾ ನಕಲು ಮಾಡೂದು ಅಂದ್ರ ಏನು ಅಂತ ನಮಗ ತಿಳೀತದ. 1939ರಾಗ ಹೀರಾಲಾಲ ಜೈನರು ಮೊದಲನೇ ಸಂಪುಟ ಅಚ್ಚು ಹಾಕಿಸಿದ್ರು, ಒಟ್ಟು 16 ಸಂಪುಟ ಆಗೂದ್ರಾಗ ಇಪ್ಪತ್ತು ವರ್ಷ ಹೋತು. ಗರಿ ಅಲ್ಲೇ ಇದ್ವು, ಬಸದಿ ಅಲ್ಲೇ ಇತ್ತು. ಬದಲಾದದ್ದು ಏನಂದ್ರ, ಓದಿ ಹೇಳ್ರಿ ಅಂತ ಕೇಳೋ ಮಂದಿ ಬಂದ್ರು, ಇಷ್ಟ.

ಇನ್ನ ನಮ್ಮ ಕಡಿ ಓದು. ಕುಮಾರವ್ಯಾಸ ಭಾರತ ಗದಗಿನ ವೀರನಾರಾಯಣ ಗುಡಿಯಾಗ ಹುಟ್ಟಿದ್ದು ಎಲ್ಲಾರಿಗೂ ಗೊತ್ತದ. ಹತ್ತು ಪರ್ವ, ಸಾವಿರಾರು ಭಾಮಿನಿ ಷಟ್ಪದಿ. ಈಗ ಯಾರರ ನಿಮ್ಮ ಕೈಯಾಗ ಅದನ್ನ ಕೊಟ್ಟು "ಓದವಾ" ಅಂದ್ರ ಮೂರನೇ ಸಂಧಿಗೆ ಕಣ್ಣು ಕೂಡತಾವ. ಆದ್ರ ನಮ್ಮ ಅಜ್ಜಿಗೆ ಅಕ್ಷರ ಬರತಿರಲಿಲ್ಲ, ಅಕಿಗೆ ಪೂರ್ತಿ ಭಾರತ ಗೊತ್ತಿತ್ತು. ಶ್ರಾವಣ ಬಂತಂದ್ರ ಗುಡಿಯಾಗ, ಇಲ್ಲಾ ಯಾರದರ ಪಡಸಾಲ್ಯಾಗ ಪುರಾಣ ಹಚ್ಚತಿದ್ರು. ಒಬ್ಬರು ರಾಗದಾಗ ಓದೋರು, ಒಬ್ಬರು ಅರ್ಥಾ ಹೇಳೋರು, ಗಂಡಸರು ಆ ಕಡೆ, ಹೆಂಗಸರು ಈ ಕಡೆ, ಕೈಯಾಗ ಬತ್ತಿ ಹೊಸೆಯೋ ಹತ್ತಿ. ಒಂದು ದಿನ ತಪ್ಪಿಸಿದ್ರ ಮರುದಿನ ನೀರಿಗೆ ಹೋದಾಗ "ನಿನ್ನೆ ಯಾಕ ಬರಲಿಲ್ಲ, ಕೀಚಕನ ವಧಾ ಆತಲ್ಲ" ಅಂತ ಕೇಳೋರು ಇದ್ರು. ಜೈಮಿನಿ ಭಾರತ, ತೊರವೆ ರಾಮಾಯಣ ಎಲ್ಲಾ ಹಿಂಗ ಮುಗೀತಿದ್ವು. ಪುಸ್ತಕ ಊರಿಗೆ ಒಂದು, ಓದೋರು ಒಬ್ಬರು, ಮುಗಿಸಿದವರು ಮಾತ್ರ ನೂರು ಮಂದಿ.

1901ರ ಜನಗಣತಿ ನೋಡಿದ್ರ ಇಡೀ ದೇಶದಾಗ ನೂರು ಹೆಣ್ಣುಮಕ್ಕಳಿಗೆ ಓದಾಕ ಬರೋರು ಒಬ್ಬರೂ ಇಲ್ಲ. 1951ರಾಗ ನೂರಕ್ಕ ಒಂಬತ್ತು ಮಂದೀನೂ ಆಗಲಿಲ್ಲ. ಆದ್ರ ಕಥಿ ಗೊತ್ತಿಲ್ಲದ ಹೆಂಗಸರು ಇದ್ರೇನು? ಹಂಗ ನೋಡಿದ್ರ ಓದಾಕ ಬರೋರು ಹೆಚ್ಚಾದಂಗ ಓದಲಾರದ ಪುಸ್ತಕಾನೂ ಹೆಚ್ಚಾದ್ವು.

ಅಚ್ಚಿನ ಪುಸ್ತಕ ಬಂದ ಮ್ಯಾಲೆ ನಮ್ಮ ಧಾರವಾಡ ಸೀಮಿಗೆ ಇನ್ನೊಂದು ತೊಡಕು ಇತ್ತು. 1818ರಾಗ ಪೇಶವೆ ರಾಜ್ಯ ಹೋಗಿ ನಾವು ಮುಂಬಯಿ ಇಲಾಖಾಕ್ಕ ಸೇರಿದ್ವಿ. ಸಾಲ್ಯಾಗ ಮರಾಠಿ, ಕಚೇರ್ಯಾಗ ಮರಾಠಿ. ಮನ್ಯಾಗ ಕನ್ನಡಾ ಮಾತಾಡೋರು ಪುಸ್ತಕ ಹಿಡದ್ರ ಮರಾಠಿದು ಹಿಡೀತಿದ್ರು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿ ಸಲುವಾಗಿ ಹೋರಾಡಿದ್ದು, 1890ರಾಗ ರಾ.ಹ. ದೇಶಪಾಂಡೆ ಅವರು ಧಾರವಾಡದಾಗ ವಿದ್ಯಾವರ್ಧಕ ಸಂಘ ಸುರು ಮಾಡಿದ್ದು, ಇದರ ಸಲುವಾಗೇ. ಆ ಕಡೆ ಮೈಸೂರು ಸೀಮಿಯೊಳಗ ಬಿ. ವೆಂಕಟಾಚಾರ್ಯರು ಬಂಗಾಲಿ ಕಲತು ಬಂಕಿಮಚಂದ್ರರ ಕಾದಂಬರಿ ಕನ್ನಡಕ್ಕ ತಂದ್ರು.

ಆದ್ರ ನಮ್ಮ ಕಡಿ ಮನಿಮನಿಗೆ ಕನ್ನಡ ಕಾದಂಬರಿ ಮುಟ್ಟಿಸಿದವರು ಗಳಗನಾಥರು. ಖರೇ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869, ಹಾವೇರಿ ಕಡಿ ಗಳಗನಾಥ ಊರಾಗ. ಸಾಲಿ ಮಾಸ್ತರಕಿ ಮಾಡಿದವರು. ಹರಿ ನಾರಾಯಣ ಆಪಟೆ ಅವರ ಮರಾಠಿ ಕಾದಂಬರಿ ಕನ್ನಡಕ್ಕ ತಂದ್ರು, ವಿಜಯನಗರದ ಮ್ಯಾಲೆ 'ಮಾಧವ ಕರುಣಾವಿಲಾಸ' ಅಂತ ದೊಡ್ಡದೊಂದು ತಾವೇ ಬರದ್ರು. ಬರದು ಸುಮ್ಮ ಕೂಡಲಿಲ್ಲ. ಪುಸ್ತಕದ ಗಂಟು ತಲಿ ಮ್ಯಾಲೆ ಹೊತಗೊಂಡು ಊರೂರು ತಿರಗಿ ಮಾರಿದ್ರು. ನಮ್ಮ ಕಡಿ ಹಿರ್ಯಾರು ಈಗೂ ಇದನ್ನ ಹೇಳತಾರ, ಹೇಳಬೇಕಾದ್ದ ಅದು. ತಲಿ ಮ್ಯಾಲೆ ಹೊತ್ತು ತಂದವರು ನಿಮ್ಮ ಕಟ್ಟಿ ಮ್ಯಾಲೆ ಕೂತು ನೀರು ಕುಡದು "ಹೋದ ಸರ್ತಿ ಒಯ್ದದ್ದು ಓದಿದ್ರೇನವಾ" ಅಂತ ಕೇಳಿದ್ರ, ಓದಲಾರದ ಹೆಂಗ ಇರತೀರಿ?

1907ರಾಗ ಹಾವೇರಿ ಹತ್ತಿರ ಅಗಡಿ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕಾ ಸುರು ಆತು, ಗಳಗನಾಥರು ಅದರ ಸಂಪಾದಕರಾಗಿ ದುಡದ್ರು. ಧರ್ಮದ ಮಾತಿನ ಜೋಡಿ ಕಾದಂಬರಿ ತಿಂಗಳಿಗಿಷ್ಟು ಅಂತ ಬರೂದು. ಇಲ್ಲೆ ಒಂದು ಜಾಣತನ ಅದ ನೋಡ್ರಿ. ಹೆಣ್ಣುಮಕ್ಕಳು ಪುರಾಣ ಕೇಳಿದ್ರ ಪುಣ್ಯ, ಕಾದಂಬರಿ ಹಿಡಕೊಂಡು ಕೂತ್ರ ಮೈಗಳ್ಳತನ ಅನ್ನೋ ಕಾಲ. ಆಶ್ರಮದಿಂದ ಬಂದ ಪತ್ರಿಕಾಕ್ಕ ಯಾವ ಅತ್ತಿ ಏನನ್ನಾಕ ಬರತದ? ಮತ್ತ ತಿಂಗಳಿಗಿಷ್ಟು ಬರೂದ್ರಿಂದ ಓಣಿ ಎಲ್ಲಾ ಒಂದೇ ಪುಟದ ಮ್ಯಾಲೆ ಇರತಿತ್ತು. ಯಾರೂ ಮುಂದ ಓಡಾಕ ಬರಂಗಿಲ್ಲ, ಯಾರೂ ಹಿಂದ ಉಳಿಯಾಕ ಬರಂಗಿಲ್ಲ. ಶ್ರಾವಣದ ಪುರಾಣಾನ ಟಪಾಲಿನ್ಯಾಗ ಹಾಕಿ ಕಳಿಸಿದಂಗ.

ಇದೇ ಜಾಣತನ ಆ ಕಡಿ ನಂಜನಗೂಡಿನ್ಯಾಗ ಒಬ್ಬಾಕಿ ಹೆಣ್ಣುಮಗಳು ಮಾಡಿದ್ಲು. ತಿರುಮಲಾಂಬಾ ಅಂತ, 1887ರಾಗ ಹುಟ್ಟಿದಾಕಿ. ಸಣ್ಣಾಕಿದ್ದಾಗ ಮದಿವಿ, ಹರೇ ಬರೂದ್ರಾಗ ಗಂಡ ತೀರಿಕೊಂಡ. ವಕೀಲರಿದ್ದ ತಂದಿ ಮನ್ಯಾಗ ಕೂಡಿಸಿಕೊಂಡು ಓದು ಕಲಿಸಿದ್ರು. ಅಕಿ 1913ರಾಗ 'ಸತಿ ಹಿತೈಷಿಣಿ' ಅಂತ ಗ್ರಂಥಮಾಲಾ ಸುರು ಮಾಡಿದ್ಲು, ತಾನೇ ಬರದ 'ಸುಶೀಲೆ' ಕಾದಂಬರಿ ಅದರಾಗ ಬಂತು. ಮುಂದ 'ಕರ್ನಾಟಕ ನಂದಿನಿ' ಅಂತ ಹೆಂಗಸರ ಪತ್ರಿಕಾನೂ ನಡಿಸಿದ್ಲು. ಈಗಿನ ಕೆಲವರು ಆ ಹೆಸರು ನೋಡಿ ಮೂಗು ಮುರೀತಾರ, ಸತಿ, ಸುಶೀಲೆ, ಎಲ್ಲಾ ಉಪದೇಶ ಅಂತ. ನನಗ ಹಂಗ ಅನಿಸಂಗಿಲ್ಲ. ಅದು ಹೆಸರಲ್ಲ, ಒಳಗ ಬಿಡೋ ಚೀಟಿ. 'ಸತಿ ಹಿತೈಷಿಣಿ' ಅಂತ ಮ್ಯಾಲೆ ಬರದ ಪುಸ್ತಕಾನ ಬಾಗಲದಾಗ ನಿಲ್ಲಿಸಾಕ ಯಾವ ಮಾವಗೂ ಆಗತಿರಲಿಲ್ಲ. ಒಳಗ ಬಂದ ಮ್ಯಾಲೆ ಹೆಂಗಸರು ತಮಗ ಬೇಕಾದ್ದು ಓದಿಕೊಂಡ್ರು.

ಈಗ ಅತ್ತ್ಯಾರ ಟ್ರಂಕಿಗೆ ಬರತೀನಿ. 1933ರಾಗ ಧಾರವಾಡದಾಗ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲಾ ಸುರು ಮಾಡಿದ್ರು. ಬೇಂದ್ರೆಯವರ ಗೆಳೆಯರ ಗುಂಪಿನ ಗಾಳಿ ಬೀಸತಿದ್ದ ಕಾಲ. ಸುಭಾಸ ರಸ್ತಾದಾಗ ಮೆಟ್ಟಲಾ ಹತ್ತಿ ಹೋಗೋ ಅವರ ಕೋಣಿಗೆ ಅಟ್ಟ ಅಂತನ ಹೆಸರು. ಗ್ರಂಥಮಾಲಾ ನಡಿಯೋ ರೀತಿ ಹೆಂಗಂದ್ರ, ಓದೋರು ಚಂದಾ ಮೊದಲೇ ಕೊಡೂದು, ಅವರು ವರ್ಷದಾಗ ಪುಸ್ತಕ ಅಚ್ಚು ಹಾಕಿ ಕಳಸೂದು. ಕನ್ನಡ ಪುಸ್ತಕ ಕೊಳ್ಳೋರೇ ಕಮ್ಮಿ ಇದ್ದಾಗ ಹೊಸಾ ಲೇಖಕರದ್ದು ಅಚ್ಚು ಹಾಕೂದು ಅಂದ್ರ ಹಾನಿಗೆ ಕೈ ಹಾಕಿದಂಗ. ಈ ಚಂದಾ ಇದ್ದದ್ದಕ್ಕ ಆ ಧೈರ್ಯಾ ಬಂತು. 1961ರಾಗ ಇಪ್ಪತ್ತಮೂರು ವಯಸ್ಸಿನ ಗಿರೀಶ ಕಾರ್ನಾಡರ 'ಯಯಾತಿ', 1965ರಾಗ ಅನಂತಮೂರ್ತಿಯವರ 'ಸಂಸ್ಕಾರ' ಇಲ್ಲಿಂದ ಹೊರಗ ಬಂದ್ವು. ಹಳ್ಳಿ ಮಾಸ್ತರ ಕೊಟ್ಟ ಚಂದಾ ರೊಕ್ಕದ ಮ್ಯಾಲೆ ಇಂಥಾ ಪುಸ್ತಕ ನಿಂತಾವ. ನಮ್ಮ ಮಾವನವರ ರೊಕ್ಕಾನೂ ಅದರಾಗ ಅದ ಅಂತ ನೆನದ್ರ ನನಗ ಎದಿ ಉಬ್ಬತದ.

ಆದ್ರ ಗ್ರಂಥಮಾಲಾ ಅನ್ನೋ ಏರ್ಪಾಟು ಗಟ್ಟಿ ಮಾಡಿದ್ದು ಕೊಳ್ಳೂದನ್ನ. ಓದೂದನ್ನಲ್ಲ. ಪುಸ್ತಕ ನಿಮಗ ಬೇಕಿದ್ರೂ ಬರತದ, ಬ್ಯಾಡಾಗಿದ್ರೂ ಬರತದ. ಹಿಂದಿಂದು ಮುಗಿಯೂದ್ರಾಗ ಮುಂದಿಂದು ಟಪಾಲಿನ್ಯಾಗ ಬಂದು ಕೂಡತದ. ಗಳಗನಾಥರಂಗ ಕಟ್ಟಿ ಮ್ಯಾಲೆ ಕೂತು ಕೇಳೋರಿಲ್ಲ, ಟಪಾಲ್ಯಾಂವ ಕೊಟ್ಟು ಹೋದ. ಮತ್ತ ಇವು ಕೂಡಿ ಓದೋ ಪುಸ್ತಕ ಅಲ್ಲ, ಒಬ್ಬರೇ ಸುಮ್ಮ ಕೂತು ಓದೋವು. 1950ರ ದಶಕದಾಗ ಹನ್ನೆರಡು ಮಂದಿ ಇದ್ದ ಮನ್ಯಾಗ ಸೊಸಿಯಾದಾಕಿ ಒಬ್ಬಾಕಿನ ಸುಮ್ಮ ಕೂತು ಓದೂದು ಯಾವಾಗ, ಎಲ್ಲೆ?

ನಾ ಅತ್ತ್ಯಾರನ್ನ ಕೇಳಿದೆ. ಈಗ ಅವರಿಗೆ 86. "ಅತ್ತ್ಯಾರ, 48ನೇ ಪುಟಕ್ಕ ಯಾಕ ಬಿಟ್ರಿ?" ಅಂತ. ಹೊತ್ತು ಸಿಗಲಿಲ್ಲ ಅಂತಾರ ಅಂದುಕೊಂಡಿದ್ದೆ. ಹಂಗ ಅನಲಿಲ್ಲ. "ಹೊತ್ತು ಮಾಡಿಕೋತಿದ್ದೆ. ಹಾಲು ಕಾಸೋಮುಂದ ಓದತಿದ್ದೆ, ಕೂಸಿಗೆ ತೊಟ್ಟಲಾ ತೂಗತ ಓದತಿದ್ದೆ. ಆದ್ರ ಮುಂದ ಏನಾತು ಅಂತ ಕೇಳೋರು ಯಾರಿದ್ರವಾ? ಓದಿದ್ರೂ ಅಷ್ಟ, ಬಿಟ್ರೂ ಅಷ್ಟ. ಪುರಾಣಕ್ಕ ಹೋದ್ರ ಮಾತಾಡಾಕ ಹತ್ತು ಮಂದಿ ಸಿಗತಿದ್ರು" ಅಂದ್ರು. ಮಾವನವರು ಓದತಿದ್ರು, ಗೆಳೆಯರ ಜೋಡಿ ಕಟ್ಟಿ ಮ್ಯಾಲೆ ಕೂತು ಅದರ ಮ್ಯಾಲೆ ವಾದಾ ಮಾಡತಿದ್ರು. ಅತ್ತ್ಯಾರು ಒಳಗಿಂದ ಚಾ ಕೊಡತಿದ್ರು. ಕೂಡಿ ಓದೋ ಸುಖ ಇಲ್ಲಾಗಿರಲಿಲ್ಲ, ಕಟ್ಟಿ ಮ್ಯಾಲೆ ಹೋಗಿ ಕೂತಿತ್ತು, ಹೆಂಗಸರು ಹೋಗಲಾರದ ಕಡೆ.

ಹಂಗಂತ ಹೆಂಗಸರು ಓದೂದು ಬಿಟ್ರೇನು? ಅದೇ ಕಾಲದಾಗ ಬಾಡಿಗಿ ಲೈಬ್ರರಿ ಬಂದ್ವು, ದಿನಕ್ಕಿಷ್ಟು ಪೈಸೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನಕೃ ಕಾದಂಬರಿ ಒಂದು ಮನಿಗೆ ಬಂತಂದ್ರ ಬಾಡಿಗಿ ಏರೂದ್ರಾಗ ಓಣಿ ಎಲ್ಲಾ ಮುಗಿಸಬೇಕು. "ನಿಂದಾತೇನು, ನಿಂದಾತೇನು" ಅಂತ ಹಿಂದ ನಿಂತು ಜೀವಾ ತಿನ್ನೋರು. ನಮ್ಮವ್ವ ಹಂಗ ಓದಿದಾಕಿ. ಅಕಿ ಹತ್ತರ ಸ್ವಂತದ ಪುಸ್ತಕ ಒಂದೂ ಇರಲಿಲ್ಲ, ಓದಿದ್ದಕ್ಕ ಲೆಕ್ಕಿಲ್ಲ. ಅತ್ತ್ಯಾರ ಹತ್ತರ ಟ್ರಂಕು ತುಂಬ ಇತ್ತು, ಓದಿದ್ದು ಕಮ್ಮಿ. ನೋಡ್ರಿ ವ್ಯತ್ಯಾಸಾ. 1956ರಾಗ ಹುಬ್ಬಳ್ಳಿಯಿಂದ 'ಕಸ್ತೂರಿ' ಸುರು ಆದ ಮ್ಯಾಲೆ ಕೊನೀಗೆ ಒಂದು ಪುಸ್ತಕದ ಸಾರಾಂಶ ಬರತಿತ್ತು, ಹೊತ್ತಿಲ್ಲದವರಿಗೆ ಅದೂ ಒಂದು ಆಸರ ಆತು. ಅಂದಂಗ ಎಂ.ಕೆ. ಇಂದಿರಾ ಹೆಚ್ಚು ಸಾಲಿ ಕಲತಾಕಿ ಅಲ್ಲ, ಅಕಿ 'ತುಂಗಭದ್ರಾ' ಬಂದದ್ದು 1963ರಾಗ, ಆಗ ಅಕಿಗೆ 46. ನಮಗೆಲ್ಲಾ ವಯಸ್ಸಾತು ಅನ್ನೋರು ಇದನ್ನ ನೆನಪಿಡ್ರಿ.

ಟೀವಿ ಬಂದ ಮ್ಯಾಲೆ ಬಾಡಿಗಿ ಲೈಬ್ರರಿ ಮುಚ್ಚಿದ್ವು. ಅದರ ಸುದ್ದಿ ಬ್ಯಾಡ, ಎಲ್ಲಾರಿಗೂ ಗೊತ್ತದ. ಧಾರಾವಾಹಿ ಯಾಕ ಗೆದ್ದಿತು ಅಂತ ನನಗೀಗ ತಿಳದದ. ಮರುದಿನ ಬಾಜೂಮನಿಯಾಕಿ "ನೋಡಿದ್ರೇನ್ರೀ" ಅಂತ ಕೇಳತಾಳ.

ಹೋದ ಶ್ರಾವಣದಿಂದ ನಾವು ಆರು ಮಂದಿ ಒಂದು ಏರ್ಪಾಟು ಮಾಡಿಕೊಂಡೀವಿ. ನಾನು, ಬಾಜೂಮನಿ ವಯ್ನಿ, ಹುಬ್ಬಳ್ಳಿ ಅಕ್ಕ, ಪುಣೆದಾಗಿರೋ ನಮ್ಮ ನೆಗೆಣ್ಣಿ, ಮ್ಯಾಲಿನ ಮನ್ಯಾಗ ಬಾಡಿಗಿಗೆ ಇರೋ ಬ್ಯಾಂಕಿನ ಹುಡುಗಿ, ಮತ್ತ ಅತ್ತ್ಯಾರು. ನಿಯಮ ಭಾಳಿಲ್ಲ. ಹೊಸಾ ಪುಸ್ತಕ ಕೊಳ್ಳಂಗಿಲ್ಲ, ಮನ್ಯಾಗ ಇದ್ದದ್ದನ್ನ ಮೊದಲು ಮುಗಿಸೂದು. ಪ್ರತಿಯೊಬ್ಬರೂ ತಮ್ಮ ಮನಿ ರಾಶಿಯಿಂದ ಒಂದು ಆರಿಸಿ, ಗುರುವಾರ ಮಧ್ಯಾಹ್ನ ಎಲ್ಲಿ ತನಕ ಬಂತು ಅಂತ ಹೇಳೂದು. ಪುಣೆಯಾಕಿ ಹುಬ್ಬಳ್ಳಿಯಾಕಿ ಫೋನಿನ್ಯಾಗ ಹೇಳತಾರ. ಓದಲಿಲ್ಲಂದ್ರ ಯಾರೂ ಬೈಯಂಗಿಲ್ಲ, ಆದ್ರ ಕಥಿ ಎಲ್ಲಿ ನಿಂತದ ಅಂತ ಹೇಳಲೇಬೇಕು. ಇದರಾಗ ಮಜಾ ಏನಂದ್ರ, ಒಬ್ಬಾಕಿ ಅರ್ಧಾ ಕಥಿ ಹೇಳಿ ಬಿಟ್ರ ಉಳದ ಐದೂ ಮಂದಿ ವಾರೆಲ್ಲಾ ಅಕಿಗೆ ಫೋನ್ ಹಚ್ಚತಾರ. ಅಕಿ ಓದದ ಏನ ಮಾಡ್ಯಾಳು!

ನಡುವ ಮುರಿದದ್ದೂ ಅದ. ದೀಪಾವಳಿ ಮುಂದ ಮೂರು ವಾರ ಯಾರೂ ಒಂದು ಹಾಳಿ ತಿರುವಲಿಲ್ಲ. ಬಾಜೂಮನಿ ವಯ್ನಿ ಮನೀಯವರಿಗೆ ಆಪರೇಶನ್ ಆದಾಗ ಅಕಿ ದವಾಖಾನ್ಯಾಗ ಕೂತು ಒಂದು ಪೂರ್ತಿ ಕಾದಂಬರಿ ಮುಗಿಸಿ ಬಂದ್ಲು, "ನಿಮಗ ಗುರುವಾರ ಹೇಳಬೇಕಲ್ಲ ಅಂತ ಓದಿದೆ, ಇಲ್ಲಂದ್ರ ಆ ರಾತ್ರಿ ಹೆಂಗ ಕಳೀತಿದ್ದೆ" ಅಂದ್ಲು. ಮತ್ತ ಎಲ್ಲಾ ಪುಸ್ತಕ ಓದಲೇಬೇಕು ಅನ್ನೂದೂ ನನಗ ಸೇರಂಗಿಲ್ಲ. ಟ್ರಂಕಿನ್ಯಾಗಿನ ನಾಕು ಪುಸ್ತಕ ಖರೇನ ಬೇಸರ ಇದ್ವು, 30 ಪುಟ ಓದಿ, ಇವು ಆಗಂಗಿಲ್ಲ ಅಂತ ಎಲ್ಲಾರೂ ಕೂಡಿ ಠರಾಯಿಸಿ ವಾಚನಾಲಯಕ್ಕ ಕೊಟ್ವಿ. ಕೂಡಿ ಬಿಟ್ರ ಮನಸ್ಸಿಗೆ ಹತ್ತಂಗಿಲ್ಲ.

ಅತ್ತ್ಯಾರಿಗೆ ಈಗ ಕಣ್ಣು ಮಸಕ, ಅಚ್ಚಿನ ಅಕ್ಷರ ಕಾಣಂಗಿಲ್ಲ, ಡಾಕ್ಟರು ಇನ್ನ ಇಷ್ಟ ಅಂತ ಹೇಳ್ಯಾರ. 'ಗ್ರಾಮಾಯಣ'ದ 112ನೇ ಪುಟದಿಂದ ಸುರು ಮಾಡೋಣು ಅಂದೆ. ಬ್ಯಾಡ, ಮೊದಲಿಂದ ಓದು, ಮರತೀನಿ ಅಂದ್ರು. 1957ರ ಕಾದಂಬರಿ, ನಮ್ಮ ಕಡಿ ಹಳ್ಳಿಯೊಂದು ಹೆಂಗ ಹಾಳಾಗಿ ಹೋತು ಅನ್ನೂದರ ಕಥಿ, ದಪ್ಪ ಪುಸ್ತಕ. ನಾನೂ ಬ್ಯಾಂಕಿನ ಹುಡುಗೀನೂ ಪಾಳಿ ಮ್ಯಾಲೆ ಗಟ್ಟಿಯಾಗಿ ಓದತೀವಿ. ಆ ಹುಡುಗಿ ಬೆಂಗಳೂರು ಕಡಿಯಾಕಿ, ಎಷ್ಟೋ ಮಾತು ಗೊತ್ತಿಲ್ಲ. ಆಗ ಅತ್ತ್ಯಾರು ಅರ್ಥಾ ಹೇಳತಾರ. ಒಮ್ಮೆ ಹಗೇವಿನ ಸುದ್ದಿ ಹೊರಟು, ನೆಲದಾಗ ತಗ್ಗು ತೋಡಿ ಜೋಳ ಹೆಂಗ ಇಡತಿದ್ರು, ತಗದಾಗ ಒಳಗಿನ ಬಿಸಿ ಹೆಂಗ ಮುಖಕ್ಕ ಹೊಡೀತಿತ್ತು ಅಂತ ಹೇಳಕೋತ ಅರ್ಧ ತಾಸು ಆತು, ಕಥಿ ಅಲ್ಲೇ ನಿಂತಿತ್ತು. ಕಿರಾಣಿ ಚೀಟಿ ಹಾಳಿಗೆ ಬಂದ ದಿನ ಅತ್ತ್ಯಾರಿಗೆ ಅದನ್ನ ಕೈಯಾಗ ಕೊಟ್ಟೆ. ಬೆರಳಲೇ ಮುಟ್ಟಿ ನೋಡಿ, "ಇಲ್ಲಿ ತನಕ ನನ್ನ ಪಾಳಿ ಮುಗದಿತ್ತು, ಇನ್ನ ಹೊಸಾದು ಓದು" ಅಂದ್ರು.

ಆ ಪುಸ್ತಕ ಮುಗೀತು. ಅತ್ತ್ಯಾರಿಗೆ ಕಡೀಭಾಗ ಸೇರಲಿಲ್ಲ, ನನಗ ಸೇರಿತು, ಅದರ ಮ್ಯಾಲೆ ಇಬ್ಬರದೂ ಎರಡು ದಿನ ವಾದಾ ನಡೀತು. ಅಡಗಿಮನ್ಯಾಗ ಕೂತು.

61ರಾಗ ಈಗ 39 ಉಳದಾವ. ಬರೋ ಗುರುವಾರದಿಂದ ಇಂದಿರಾ ಅವರ 'ಫಣಿಯಮ್ಮ' ಹಿಡಿಯೋರಿದ್ದೀವಿ, ಸಣ್ಣದದ, ಎರಡು ಮೂರು ವಾರದಾಗ ಆಗತದ. ಧಾರವಾಡದಾಗ ಇದ್ದವರು ಮೂರೂವರಿಗೆ ಬರ್ರಿ. ನಾಕರ ಮ್ಯಾಲೆ ಬಂದ್ರ ಚಾ ಸಿಗತದ, ಕಥಿ ತಪ್ಪತದ. ಬರಲಾರದವರು ನಿಮ್ಮ ಮನಿ ರಾಶಿಯೊಳಗ ಎಷ್ಟವ, ಯಾವ ಪುಟಕ್ಕ ನಿಂತೀರಿ ಅಂತ ತಿಳಸ್ರಿ. ಅತ್ತ್ಯಾರು ದಿನಾ ಕೇಳಾಕ ಹತ್ಯಾರ.